ಎರಡು ಸಲ ಹೌದು

ವಿಶಾಖಪಟ್ಟಣ
16 ಜೂನ್ 2024

ಅಪೂ,

ನಿನ್ನ ಕಾಗದ ಬಂತು. ವಿಜಯವಾಡದಲ್ಲಿ ಮನೆ ಸಿಕ್ಕಿತು, ಆಟೋನಗರದ ಪಂಪ್ ಕಂಪನಿಯಲ್ಲಿ ನಿನಗೆ ಕೆಲಸವೂ ಸಿಕ್ಕಿತು ಎಂದು ಓದಿ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ನಿನ್ನ ಭರತೇಶನ ಬ್ಯಾಂಕು ನಿಮ್ಮನ್ನು ನಾಂದೇಡ, ಕೊಯಮತ್ತೂರು ಎಂದು ಊರೂರು ಅಲೆಸಿ ಕಡೆಗೆ ನಾನಿರುವ ರಾಜ್ಯಕ್ಕೇ ತಂದು ಹಾಕಿತಲ್ಲ! ಆ ಟ್ರಾನ್ಸ್‌ಫರ್ ಆರ್ಡರಿಗೆ ಅರಿಶಿನ ಕುಂಕುಮ ಹಚ್ಚಿ ಇಡು. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ನಮ್ಮ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿರುತ್ತೀ. ಭೀಮುನಿಪಟ್ಟಣಕ್ಕೆ ಹೋಗಿ ಮರಳಿನ ಮೇಲೆ ಕಾಲು ಚಾಚಿ ಕೂರೋಣ. ಯಾವಾಗ ಬರುತ್ತೀ ಬರೆ.

ನೀನು ಕೇಳಿದ ಟ್ಯಾಂಕಿನ ಸಮೀಕರಣ ಜೊತೆಗಿದೆ. ನೀರಿನ ಹರಿವು, ಟ್ಯಾಂಕಿನ ಅಳತೆ, ತುಂಬಲು ಹಿಡಿಯುವ ಹೊತ್ತು. ಗ್ರಾಫ್ ಹಾಳೆಯಲ್ಲಿ ಚೌಕಕ್ಕೊಂದು ಅಕ್ಷರ, ಕೆಳಗೆ ತಾಳೆ ನೋಡಲು ಒಂದು ಲೆಕ್ಕ, ಎಲ್ಲ ಎಂದಿನಂತೆ. ನನ್ನ ಮಗಳು ನೋಡಿ ನಕ್ಕಳು. "ಫೋಟೋ ತೆಗ್ದು ಕಳಿಸಮ್ಮಾ, ಇದೇನು ಶಾಸನ ಕೆತ್ತಿದಂಗೆ!" ಎಂದಳು, ಅದೂ ಅರ್ಧ ತೆಲುಗಿನಲ್ಲಿ. ಅವಳಿಗೇನು ಗೊತ್ತು? ದಾವಣಗೆರೆಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗ ನಾವಿಬ್ಬರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ಕ್ಯಾಲ್ಕುಲೇಟರುಗಳಿವು. ಸಾಲ್ವರಿನಲ್ಲಿ ಸಮೀಕರಣ ತುಂಬಿಟ್ಟರೆ ಕೇಳಿದ್ದನ್ನು ತಾನೇ ಬಿಡಿಸಿಕೊಡುತ್ತದೆ, ಆದರೆ ಇದಕ್ಕೆ ವೈರಿಲ್ಲ, ಕಾರ್ಡಿಲ್ಲ. ನನ್ನದರಲ್ಲಿ ಇರುವುದು ನಿನ್ನದಕ್ಕೆ ಹೋಗಬೇಕಾದರೆ ಬೆರಳಿನಿಂದ ಒತ್ತಿಯೇ ಹೋಗಬೇಕು. ಫೋಟೋ ಕಳಿಸಿದರೆ ನೀನು ಓದದೆ ಒತ್ತುತ್ತೀ. ಕಾಗದವಾದರೆ ನನ್ನ ಮಾತೂ ಜೊತೆಗೆ ಬರುತ್ತದೆ. ಒಂದು ಕಾಗದಕ್ಕೆ ಒಂದೇ ಸಮೀಕರಣ ಎಂದು ನಿಯಮ ಮಾಡಿದವಳು ನೀನೇ.

ಈ ಊರಿನಲ್ಲಿ ನಾನು ದಿನವಿಡೀ ತೆಲುಗಿನಲ್ಲಿ ಹೇಳಿ ಮನೆಮನೆಗೆ ನೀರು ಬಿಡಿಸುತ್ತೇನೆ, ಇಂಗ್ಲಿಷಿನಲ್ಲಿ ರಿಪೋರ್ಟು ಬರೆಯುತ್ತೇನೆ. ನಮ್ಮವರು ಶಿಫ್ಟ್ ಮುಗಿಸಿ ಬಂದು ಮಲಗಿಬಿಡುತ್ತಾರೆ. ಹೊಟ್ಟೆತುಂಬ ಕನ್ನಡ ಆಡುವುದು ಈ ಕಾಗದದಲ್ಲೇ.

ಅಂದಹಾಗೆ, ನಿನ್ನ ಕಾಗದದ ತುಂಬ ಹಿಮಬಿಂದು, ಹಿಮಬಿಂದು. ಯಾರೇ ಅವಳು?

ಕಾದು ಕೂತಿರುವ,
ಅಕ್ಷಿ

*

ವಿಜಯವಾಡ
7 ಜುಲೈ 2024

ಪ್ರೀತಿಯ ಅಕ್ಷಿ,

ಟ್ಯಾಂಕಿನ ಸಮೀಕರಣ ಹಾಕಿದೆ, ತಾಳೆ ಸರಿಹೋಯಿತು. ಬರುವುದು ಈ ತಿಂಗಳು ಆಗುವುದಿಲ್ಲ ಕಣೆ, ಹೊಸ ಕೆಲಸ, ರಜೆ ಕೇಳಲು ನಾಚಿಕೆ.

ಹಿಮಬಿಂದು ನನ್ನ ಪಕ್ಕದ ಮೇಜಿನವಳು. ಅವಳ ಅಪ್ಪ ಬಳ್ಳಾರಿಯವರು, ಇಲ್ಲಿ ಬಂದು ನೆಲೆಸಿದವರು. ಇವಳು ಹುಟ್ಟಿದ್ದೇ ಇಲ್ಲಿ. ಕನ್ನಡ ಅಜ್ಜಿಯಿಂದ ಬಂದದ್ದು, ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಮೊದಲ ದಿನವೇ ನನ್ನ ಕ್ಯಾಲ್ಕುಲೇಟರ್ ನೋಡಿ ಕೈಮುಗಿದಳು. "ಮೇಡಂ, ಇದು ಮಾ ನಾನ್ನ ಹತ್ರನೂ ಇತ್ತಂಡಿ!" ಎಂದಳು. ಅಪ್ಪನಿಗೂ ಇದ್ದದ್ದು ಇದೇ ಮಾದರಿಯಂತೆ, ಅವಳು ಆಟವಾಡಿ ಬೆಳೆದದ್ದು ಇದರಲ್ಲೇ.

ಈಗ ಕೇಳು, ನೀನು ಕುಣಿಯುತ್ತೀ. ನಾವು ಇಷ್ಟು ವರ್ಷ ಒಂದೊಂದು ಸಮೀಕರಣವನ್ನು ಬೇರೆಬೇರೆ ಇಟ್ಟಿದ್ದೆವಲ್ಲ? ಪಂಪಿನ ಶಕ್ತಿಗೆ ಒಂದು, ಪೈಪಿನ ವ್ಯಾಸಕ್ಕೆ ಒಂದು, ಟ್ಯಾಂಕಿಗೆ ಒಂದು. ಒಂದರಿಂದ ಹೊರಬಂದು ಇನ್ನೊಂದನ್ನು ತೆರೆದು... ಹಿಮಬಿಂದು ಮೂರನ್ನೂ ಒಂದೇ ಸಮೀಕರಣವಾಗಿ ಹೆಣೆದಳು! "ಈಗ ಕೇಳುತ್ತಿರುವುದು ಯಾವುದು?" ಎಂದು ಸಾಲ್ವರ್ ತಾನೇ ನೋಡುತ್ತದೆ. ಕೇಳಿದ್ದು ಶಕ್ತಿಯಾದರೆ ಮೊದಲನೆಯದನ್ನು ಹಿಡಿಯುತ್ತದೆ, ವ್ಯಾಸವಾದರೆ ಎರಡನೆಯದನ್ನು, ಎರಡೂ ಅಲ್ಲದಿದ್ದರೆ ಮೂರನೆಯದನ್ನು. ಎಲ್ಲ ಹೆಸರುಗಳೂ ಒಂದೇ ಕಡೆ ಸಾಲಾಗಿ ನಿಲ್ಲುತ್ತವೆ. ಹರಿವನ್ನು ಒಮ್ಮೆ ಕೊಟ್ಟರೆ ಮೂರಕ್ಕೂ ಅದೇ.

ಇನ್ನು ನೀನು ಕಣ್ಣು ನೋಯಿಸಿಕೊಂಡು ಒಂದೊಂದೇ ಬರೆದು ಕಳಿಸಬೇಕಾಗಿಲ್ಲ. ನಿನಗೂ ಅವಳಿಂದ ಬರೆಸಿ ಕಳಿಸಲೇ?

ಕಳೆದ ಭಾನುವಾರ ಇಬ್ಬರೂ ಇಂದ್ರಕೀಲಾದ್ರಿ ಹತ್ತಿದೆವು. ದುರ್ಗಮ್ಮನ ದರ್ಶನ ಮಾಡಿ, ಮೇಲಿಂದ ಕೃಷ್ಣೆಯನ್ನು ನೋಡುತ್ತ ಪುಳಿಹೋರ ತಿಂದೆವು. ನಿನ್ನ ಮಾತೇ ಬಂತು.

ನಿನ್ನವಳೇ,
ಅಪೂ

*

ವಿಶಾಖಪಟ್ಟಣ
21 ಜುಲೈ 2024

ಅಪೂರ್ವ,

ಕುಣಿಯಲಿಲ್ಲ. ಮೊಣಕಾಲು ನೋವು.

ಹಿಮಬಿಂದು ಅವರ ಜಾಣತನ ಓದಿ ಸಂತೋಷವಾಯಿತು. ಆದರೆ ನನಗೆ ಬೇಡ. ನನ್ನ ಸಮೀಕರಣಗಳು ಒಂದೊಂದು ತನ್ನ ಮನೆಯಲ್ಲಿ ತಾನು ಇರಲಿ. ತಪ್ಪಾದರೆ ಯಾವುದರಲ್ಲಿ ತಪ್ಪಾಯಿತು ಎಂದು ತಿಳಿಯುತ್ತದೆ. ಎಲ್ಲವನ್ನೂ ಒಂದೇ ಹಂಡೆಗೆ ಹಾಕಿ ಕುದಿಸಿದರೆ ಹುಳಿ ಯಾವುದು, ಪಲ್ಯ ಯಾವುದು? ಕಾರ್ಖಾನೆಯ ಅರ್ಧ ಟೌನ್‌ಶಿಪ್ಪಿಗೆ ನಾನು ನೀರು ಕೊಡುವವಳು, ಆಟವಾಡಲು ಕೂತವಳಲ್ಲ.

ಕಣ್ಣು ನೋಯುತ್ತದೆ ಎಂದು ನಾನು ಯಾವತ್ತು ಹೇಳಿದೆ? ನಿನಗೆ ಒತ್ತಲು ಬೇಸರವಾಗಿದ್ದರೆ ಬೇಸರ ಎಂದೇ ಬರೆ. ಹೊಸ ನೀರು ಬಂದಾಗ ಹಳೆಯ ನೀರು ಕೊಚ್ಚಿಹೋಗುತ್ತದೆ, ನಾನೂ ನೀರಿನ ಇಲಾಖೆಯವಳೇ, ನನಗೆ ಗೊತ್ತು.

ಇಂದ್ರಕೀಲಾದ್ರಿಯನ್ನು ಮೊದಲು ನಾವಿಬ್ಬರೂ ಹತ್ತುವುದು ಎಂದು ಮಾತಾಗಿತ್ತು. ಇರಲಿ. ದೇವಿಗೆ ಯಾರು ಹತ್ತಿದರೇನು. ರಜೆ ಕೇಳಲು ನಾಚಿಕೆ ಎಂದೆ, ಭಾನುವಾರಕ್ಕೆ ರಜೆ ಕೇಳಬೇಕಾಗಿಲ್ಲವಲ್ಲ.

ಈ ಸಲ ಸಮೀಕರಣ ಕಳಿಸುತ್ತಿಲ್ಲ. ಬೇಕಾದವರು ಪಕ್ಕದ ಮೇಜಿನಲ್ಲೇ ಇದ್ದಾರೆ.

ಅಕ್ಷಯಾ

*

ವಿಜಯವಾಡ
8 ಸೆಪ್ಟೆಂಬರ್ 2024

ಅಕ್ಷಿ,

ಇಲ್ಲಿ ಊರೆಲ್ಲ ನೀರು. ಟಿವಿಯಲ್ಲಿ ನೋಡಿರುತ್ತೀ. ಬುಡಮೇರು ಉಕ್ಕಿ ಎಷ್ಟು ಬಡಾವಣೆ ಮುಳುಗಿದವೋ. ನಮ್ಮ ಮನೆ ಎತ್ತರದಲ್ಲಿದೆ, ನಾವು ಸುಖವಾಗಿದ್ದೇವೆ. ನೀನು ಮೂರು ಸಲ ಫೋನ್ ಮಾಡಿ, ನಾನು ಎತ್ತಿದ ಕೂಡಲೇ "ಬದುಕಿದ್ದೀಯಲ್ಲ, ಸಾಕು" ಎಂದು ಇಟ್ಟುಬಿಟ್ಟೆ. ಆ ಮಾತಿಗೆ ನಗಲೋ ಅಳಲೋ ತಿಳಿಯಲಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ನೀರು ಹೊರಗೆ ಹಾಕುವ ಪಂಪು ಬೇಕು, ಇವತ್ತೇ ಬೇಕು. ನಾನೂ ಹಿಮಬಿಂದುವೂ ಊಟ ಬಿಟ್ಟು ಲೆಕ್ಕ ಹಾಕಿದೆವು.

ಆ ಗಡಿಬಿಡಿಯಲ್ಲಿ ನನ್ನ ಕ್ಯಾಲ್ಕುಲೇಟರಿನ ದಶಮಾಂಶದ ಚುಕ್ಕಿಯ ಕೀಲಿ ಕೈಕೊಟ್ಟಿದೆ. ಒತ್ತಿದರೆ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ನಿನ್ನದನ್ನು ನಿಮ್ಮ ಆಫೀಸಿನ ಮೆಕ್ಯಾನಿಕ್ ನಟರಾಜ ಸರಿಮಾಡಿಕೊಟ್ಟಿದ್ದ ಎಂದು ಹಿಂದೆ ಬರೆದಿದ್ದೆಯಲ್ಲ, ಅವನಿಗೇ ತೋರಿಸು. ಬೇರೆ ಯಾರ ಕೈಗೂ ಕೊಡಲು ನನಗೆ ಮನಸ್ಸಿಲ್ಲ. ಸ್ಪೀಡ್‌ಪೋಸ್ಟಿನಲ್ಲಿ ಕಳಿಸಿದ್ದೇನೆ, ನಿನ್ನ ಹಳೆಯ ಸ್ವೆಟರಿನಲ್ಲಿ ಸುತ್ತಿ.

ಸಾಲ್ವರ್ ತೆರೆದು ಮೊದಲಿಗೇ ಇರುವ ಸಮೀಕರಣ ನೋಡು. ಅದೇ ಹಿಮಬಿಂದುವಿನದು. ನೋಡಿ ಏನನಿಸಿತು ಬರೆ. ಸಿಟ್ಟು ಇಳಿದ ಮೇಲೆ ಬರೆದರೂ ಆಗುತ್ತದೆ.

ಅಪೂ

*

ವಿಶಾಖಪಟ್ಟಣ
29 ಸೆಪ್ಟೆಂಬರ್ 2024

ಪ್ರೀತಿಯ ಅಪೂರ್ವ,

ನೀವೆಲ್ಲ ಕ್ಷೇಮವೆಂದು ತಿಳಿದು ಬಹಳ ಸಂತೋಷವಾಯಿತು. ಭರತೇಶ ಅವರಿಗೆ ನಮ್ಮ ನಮಸ್ಕಾರ ತಿಳಿಸುವುದು.

ಕೀಲಿ ಸರಿಯಾಗಿದೆ. ಡ್ಯೂಟಿ ಮುಗಿದ ಮೇಲೆ ನಟರಾಜ ಬಿಚ್ಚಿ ಒರೆಸಿ ಕೂರಿಸಿದ. "ಇನ್ನು ನಿಮ್ಮಿಬ್ಬರ ಮೊಮ್ಮಕ್ಕಳ ಕಾಲಕ್ಕೂ ಓಡ್ತದಂಡಿ" ಎಂದ. ಕೂಲಿ ಬೇಡವೆಂದ, ಒಂದು ಡಬ್ಬಿ ಚಕ್ಕುಲಿ ಕೊಟ್ಟೆ.

ಒಳಗಿರುವುದನ್ನು ನೋಡಲು ನನಗೆ ಪುರುಸೊತ್ತಾಗಲಿಲ್ಲ. ರಿಪೇರಿಯಲ್ಲಿ ನಟರಾಜ ಬ್ಯಾಟರಿ ತೆಗೆದು ಮತ್ತೆ ಹಾಕಿದ್ದಾನೆ. ಏನಾದರೂ ಹೋಗಿದ್ದರೆ ಅದರಿಂದಲೇ ಇರಬೇಕು. ಹೋಗಿದ್ದರೂ ಏನಂತೆ, ಹೆಣೆದವರು ಪಕ್ಕದಲ್ಲೇ ಇದ್ದಾರಲ್ಲ, ಇನ್ನೊಮ್ಮೆ ಹೆಣೆದಾರು.

ಇಲ್ಲಿ ಎಲ್ಲರೂ ಸೌಖ್ಯ.

ಇಂತು,
ಅಕ್ಷಯಾ

*

ವಿಜಯವಾಡ
13 ಅಕ್ಟೋಬರ್ 2024

ಅಕ್ಷಯಾ,

ಕ್ಯಾಲ್ಕುಲೇಟರ್ ಬಂತು. ಚುಕ್ಕಿ ಚೆನ್ನಾಗಿ ಬರುತ್ತಿದೆ.

ಹಿಮಬಿಂದುವಿನ ಸಮೀಕರಣ ಇಲ್ಲ. ನಿನ್ನವು ಎಲ್ಲ ಇವೆ. ಟ್ಯಾಂಕಿನದು ಇದೆ, ಪೈಪಿನದು ಇದೆ, ಹಾಸ್ಟೆಲಿನಲ್ಲಿ ಮೆಸ್ ಬಿಲ್ಲಿಗೆಂದು ನಾವು ಮಾಡಿದ ಹುಚ್ಚು ಸಮೀಕರಣವೂ ಇದೆ. ಬ್ಯಾಟರಿಗೆ ಹಿಮಬಿಂದುವಿನ ಮೇಲೆ ಮಾತ್ರ ಯಾಕಮ್ಮ ಕೋಪ?

ನನ್ನ ಹತ್ತಿರವೂ ಅದೇ ಯಂತ್ರ ಇದೆ ಎಂಬುದನ್ನು ನೀನು ಮರೆತೆ. ಅಳಿಸುವ ಕೀಲಿ ಒತ್ತಿದರೆ ಅದು ಕೂಡಲೇ ಅಳಿಸುವುದಿಲ್ಲ. ಒಳಗೆ ತುಂಬಿಟ್ಟ ಸಂಖ್ಯೆಗಳನ್ನು ಅಳಿಸಲೇ ಎಂದು ಮೊದಲು ಕೇಳುತ್ತದೆ. ಆಮೇಲೆ ಸಮೀಕರಣವನ್ನೇ ಅಳಿಸಲೇ ಎಂದು ಕೇಳುತ್ತದೆ. ಕೈ ತಪ್ಪಿ ಒಂದು ಸಲ ಹೌದು ಎನ್ನಬಹುದು. ಅಕ್ಷಿ, ಅದು ಎರಡು ಸಲ ಕೇಳಿತು. ನೀನು ಎರಡು ಸಲವೂ ಹೌದು ಎಂದೆ.

ಅಳಿಸಿದ್ದಕ್ಕಿಂತ ನನಗೆ ನೋವಾದದ್ದು ನೀನು ನಟರಾಜನ ಹೆಸರು ಎಳೆದದ್ದು. ಒಂದು ಡಬ್ಬಿ ಚಕ್ಕುಲಿಗೆ ಕೀಲಿ ಸರಿಮಾಡಿಕೊಟ್ಟವನ ತಲೆಗೆ ನಿನ್ನ ತಪ್ಪು ಕಟ್ಟಿದೆ. ಹಾಸ್ಟೆಲಿನಲ್ಲಿ ನನಗಾಗಿ ವಾರ್ಡನ್ ಎದುರು ನಿಂತು ಬೈಸಿಕೊಂಡವಳು ನೀನೇ ಏನೇ?

ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ.

ಅಪೂರ್ವ

*

ವಿಜಯವಾಡ
10 ನವೆಂಬರ್ 2024

ಅಕ್ಷಯಾ ಮೇಡಂ ಗಾರಿಗೆ ಹಿಮಬಿಂದು ನಮಸ್ಕಾರಗಳು.

ಇದು ನಾನು ಕನ್ನಡದಲ್ಲಿ ಬರೆಯುವ ಮೊದಲ ಕಾಗದ. ತಪ್ಪು ಇದ್ದರೆ ಕ್ಷಮಿಸಬೇಕಂಡಿ. ಮನೆಯಲ್ಲಿ ಅಜ್ಜಿ ಇರುವವರೆಗೆ ಮಾತು ಇತ್ತು, ಅಕ್ಷರ ಯಾರೂ ಹೇಳಿಕೊಡಲಿಲ್ಲ. ಅಪೂರ್ವ ಮೇಡಂ ಊಟದ ಹೊತ್ತಿನಲ್ಲಿ ನಿಮ್ಮ ಹಳೆಯ ಕಾಗದಗಳನ್ನು ಕೊಟ್ಟು ಓದಿಸಿದರು. ಮನೆ ಮಾತು ಇರುವ ಕಡೆ ಕೈ ಅಡ್ಡ ಇಟ್ಟು, ಸಮೀಕರಣ ಇರುವ ಕಡೆ ಓದು ಅಂದರು. ನಾನು ಕನ್ನಡ ಓದಲು ಕಲಿತದ್ದು ನಿಮ್ಮ ಅಕ್ಷರದಲ್ಲಿ. ಅದಕ್ಕೇ ನನ್ನ ಬರವಣಿಗೆ ನಿಮ್ಮ ಹಾಗೆ ಇದೆ ಎಂದು ಮೇಡಂ ನಗುತ್ತಾರೆ.

ನಾನು ಮೂರು ಸಮೀಕರಣ ಕೂಡಿಸಿದ್ದೆ. ಮೂರೂ ನಿಮ್ಮವೇ, ಕೂಡಿಸಿದ್ದು ಮಾತ್ರ ನಾನು. ಅದರಲ್ಲಿ ಒಂದು ತೊಂದರೆ ಇತ್ತು. ಶಕ್ತಿ ಕೇಳಿದರೆ ಉತ್ತರ ಬರುತ್ತದೆ, ವ್ಯಾಸ ಕೇಳಿದರೆ ಬರುತ್ತದೆ. ನೀರನ್ನು ಎಷ್ಟು ಎತ್ತರಕ್ಕೆ ಏರಿಸಬಹುದು ಎಂದು ಕೇಳಿದರೆ ಉತ್ತರ ಇಲ್ಲ ಎನ್ನುತ್ತದೆ. ಪ್ರವಾಹದ ದಿನ ಎಲ್ಲರೂ ಕೇಳಿದ್ದು ಎತ್ತರವೇ. ಎಷ್ಟು ತಲೆ ಕೆಡಿಸಿಕೊಂಡರೂ ತಿಳಿಯಲಿಲ್ಲ. "ಅಕ್ಷಿ ಒಂದು ಸಲ ನೋಡಿದ್ರೆ ಹಿಡೀತಾಳೆ, ಅವಳಿಗೆ ಕಳಿಸ್ತೀನಿ" ಎಂದು ಅಪೂರ್ವ ಮೇಡಂ ಹೇಳಿದರು. ಚುಕ್ಕಿ ಕೀಲಿಗೆ ಇಲ್ಲೂ ರಿಪೇರಿಯವರು ಇದ್ದಾರೆ.

ಆದರೆ ನೀವು ನೋಡುವ ಮೊದಲೇ ಅಪೂರ್ವ ಮೇಡಂ ತಾವೇ ಕೈ ತಪ್ಪಿ ಅಳಿಸಿಬಿಟ್ಟರಂತೆ. ತುಂಬ ಬೇಜಾರು ಮಾಡಿಕೊಂಡಿದ್ದಾರೆ, ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಪರವಾಗಿಲ್ಲ ಎಂದೆ. ನಾನು ಕಾಗದದ ಮೇಲೆ ಬರೆದಿಟ್ಟಿರಲಿಲ್ಲ, ನೇರವಾಗಿ ಒತ್ತಿದ್ದೆ, ಅದು ನನ್ನ ತಪ್ಪು. ನೀವು ಯಾವಾಗಲೂ ಮೊದಲು ಚೌಕದ ಹಾಳೆಯಲ್ಲಿ ಬರೆಯುತ್ತೀರಿ. ಇನ್ನು ನಾನೂ ಹಾಗೇ ಮಾಡುತ್ತೇನೆ.

ಮತ್ತೆ ಕೂಡಿಸಲು ನೋಡುತ್ತಿದ್ದೇನೆ. ಎತ್ತರದ ತೊಂದರೆ ಎಲ್ಲಿರಬಹುದು ಎಂದು ನಿಮಗೆ ಪುರುಸೊತ್ತಾದಾಗ ಹೇಳುತ್ತೀರಾ? ಅಪೂರ್ವ ಮೇಡಂಗೆ ನಾನು ಬರೆದದ್ದು ಹೇಳಿಲ್ಲ. ನಿಮ್ಮ ಹೆಸರು ತೆಗೆದರೆ ಈಗ ಸುಮ್ಮನಾಗುತ್ತಾರೆ.

ನಿಮ್ಮ ಅಕ್ಷರದ ಶಿಷ್ಯೆ,
ಹಿಮಬಿಂದು

*

ವಿಶಾಖಪಟ್ಟಣ
24 ನವೆಂಬರ್ 2024

ಅಪೂ,

ಹಿಮಬಿಂದು ನನಗೆ ಬರೆದಿದ್ದಾಳೆ. ಬೈಯಬೇಡ ಅವಳನ್ನು. ಅಕ್ಷರ ನೋಡಿ ಒಂದು ಗಳಿಗೆ ನಾನೇ ಬರೆದ ಕಾಗದ ವಾಪಸ್ ಬಂತೇನೋ ಎಂದುಕೊಂಡೆ.

ಅಳಿಸಿದವಳು ನಾನು. ಎರಡು ಸಲ ಕೇಳಿತು, ಎರಡು ಸಲ ಹೌದೆಂದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಒಂದು ಲೋಟ ಚಹಾ ಕುಡಿದೆ, ಅಷ್ಟು ಯೋಚನೆ ಮಾಡಿ ಅಳಿಸಿದೆ. ನಟರಾಜನಿಗೆ ವಿಷಯವೇ ಗೊತ್ತಿರಲಿಲ್ಲ. ಮೊನ್ನೆ ಅವನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ತಲೆ ಕೆರೆದುಕೊಂಡು "ಸರೇಲೆಂಡಿ, ಹೋಗಲಿ ಬಿಡಿ, ಚಕ್ಕುಲಿ ಚೆನ್ನಾಗಿತ್ತು" ಎಂದ.

ಹೊಟ್ಟೆಕಿಚ್ಚು ಕಣೆ, ಬೇರೆ ಹೆಸರಿಲ್ಲ ಅದಕ್ಕೆ. ಅವಳು ನಿನ್ನ ಪಕ್ಕದಲ್ಲಿ ಕೂರುತ್ತಾಳೆ ಎಂಬುದಕ್ಕೆ ಉರಿ, ಬೆಟ್ಟ ಹತ್ತಿದಳು ಎಂಬುದಕ್ಕೆ ಉರಿ, ಆ ಪುಳಿಹೋರಕ್ಕೂ ಉರಿ. ನೀನು "ಇನ್ನು ಒಂದೊಂದೇ ಬರೆದು ಕಳಿಸಬೇಕಾಗಿಲ್ಲ" ಎಂದು ಬರೆದೆಯಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಒಂದು ಕಾಗದಕ್ಕೆ ಒಂದು ಸಮೀಕರಣ. ಎಲ್ಲ ಸೇರಿ ಒಂದೇ ಆಗಿಬಿಟ್ಟರೆ ಇನ್ನು ಕಾಗದ ಯಾವ ನೆಪಕ್ಕೆ ಬರೆಯಲಿ? ನೀನು ಸಮೀಕರಣ ಸಾಕು ಎಂದದ್ದು ನನ್ನ ಕಿವಿಗೆ ನೀನೂ ಸಾಕು ಎಂದೇ ಬಿತ್ತು.

ನೋಡಿಲ್ಲ ಎಂದದ್ದೂ ಸುಳ್ಳು. ಕ್ಯಾಲ್ಕುಲೇಟರ್ ಬಂದ ದಿನವೇ ನೋಡಿದೆ. ಆ ಪುಟ್ಟ ಪರದೆಯ ಮೇಲೆ ಅಕ್ಷರ ಅಕ್ಷರ ಸರಿಸಿ, ತಪ್ಪು ಸಿಗಲಿ ದೇವರೇ ಎಂದು ಓದಿದೆ. ಸಿಕ್ಕಿತು. ಎತ್ತರ ಕೇಳಿದರೆ ಅದು ಶಕ್ತಿಯೂ ಅಲ್ಲ, ವ್ಯಾಸವೂ ಅಲ್ಲ ಎಂದು ಟ್ಯಾಂಕಿನ ಸಮೀಕರಣಕ್ಕೆ ಹೋಗಿಬಿಡುತ್ತದೆ. ಟ್ಯಾಂಕಿನ ಸಮೀಕರಣದಲ್ಲಿ ಎತ್ತರವೇ ಇಲ್ಲ, ಉತ್ತರ ಎಲ್ಲಿಂದ ಬರಬೇಕು? ಎತ್ತರ ಇರುವುದು ಪಂಪಿನ ಶಕ್ತಿಯ ಸಮೀಕರಣದಲ್ಲಿ. ಶಕ್ತಿ ಕೇಳಿದರೂ ಎತ್ತರ ಕೇಳಿದರೂ ಮೊದಲನೆಯದಕ್ಕೇ ಕಳಿಸು ಎಂದು ಒಂದು ಮಾತು ಸೇರಿಸಿದರೆ ಮುಗಿಯಿತು. ಖುಷಿಪಟ್ಟೆ ಅಪೂ. ನಿಮ್ಮ ಊರಿನ ಅರ್ಧ ಜನ ಮನೆಯೊಳಗಿನ ನೀರು ಎತ್ತಿ ಹಾಕುತ್ತಿದ್ದಾಗ, ನಾನು ಇಲ್ಲಿ ಕೂತು ಖುಷಿಪಟ್ಟೆ.

ಆಮೇಲೆ ಖುಷಿ ಹೋಯಿತು. ಆ ಒಂದು ತೂತು ಬಿಟ್ಟರೆ ಎಷ್ಟು ಚೆಂದ ಇತ್ತೆಂದರೆ, ಇದನ್ನು ನಾನೇ ಯಾಕೆ ಹೆಣೆಯಲಿಲ್ಲ ಎನಿಸಿತು. ಅದಕ್ಕೇ ಅಳಿಸಿದ್ದು.

ಅವಳ ಹತ್ತಿರ ಪ್ರತಿ ಇಲ್ಲವಂತೆ. ನನ್ನ ಹತ್ತಿರ ಇದೆ, ತಲೆಯಲ್ಲಿ. ಪ್ರೀತಿಯಿಂದ ಓದಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದೆನೋ ಏನೋ. ಉರಿಯುತ್ತ ಓದಿದ್ದಕ್ಕೆ ಒಂದು ಆವರಣ ಚಿಹ್ನೆಯೂ ತಪ್ಪದೆ ಬಾಯಿಪಾಠವಾಗಿದೆ. ಗ್ರಾಫ್ ಹಾಳೆಯಲ್ಲಿ ಪೂರ್ತಿ ಬರೆದು, ತೂತು ಮುಚ್ಚಿ, ಮೂರು ತಾಳೆ ಲೆಕ್ಕ ಹಾಕಿ ಅವಳಿಗೇ ಕಳಿಸಿದ್ದೇನೆ. ಅಳಿಸಿದ್ದು ಯಾರು ಎಂದೂ ಬರೆದಿದ್ದೇನೆ. ನನಗಾಗಿ ನೀನು ಹೊತ್ತ ಸುಳ್ಳನ್ನು ಇಳಿಸಿಬಿಡು, ಅದು ನಿನಗೆ ಒಪ್ಪುವುದಿಲ್ಲ.

ಅವಳದು ನನ್ನ ಕ್ಯಾಲ್ಕುಲೇಟರಿನಲ್ಲೂ ಈಗ ಮೊದಲಿಗೇ ಇದೆ. ಚೆನ್ನಾಗಿ ಓಡುತ್ತದೆ. ಈಗಲೂ ಸ್ವಲ್ಪ ಉರಿಯುತ್ತದೆ.

ನೀನು ಬರೆಯದಿದ್ದರೆ ಯಾಕೆಂದು ಕೇಳುವುದಿಲ್ಲ. ಬರೆದರೆ, ಅಕ್ಷಿ ಎಂದೇ ಬರೆ.

ಅಕ್ಷಿ

*

ವಿಜಯವಾಡ
8 ಡಿಸೆಂಬರ್ 2024

ಅಕ್ಷಿ,

ಹಿಮಬಿಂದು ನಿನ್ನ ಕಾಗದ ಹಿಡಿದುಕೊಂಡು ಆಫೀಸಿನ ತುಂಬ ಓಡಾಡಿದಳು. ಎತ್ತರ ಕೇಳಿದರೆ ಎತ್ತರ ಬರುತ್ತಿದೆ. ಅಳಿಸಿದ್ದು ನೀನು ಎಂದು ಓದಿ ಅವಳು ಸಿಟ್ಟಾಗುತ್ತಾಳೆ ಎಂದುಕೊಂಡೆ. "ಅಂದರೆ ನನ್ನ ಸಮೀಕರಣ ನೋಡಿ ಅಕ್ಷಯಾ ಮೇಡಂಗೆ ಅಸೂಯೆ ಆಯ್ತಾ ಅಂಡಿ?" ಎಂದು ಕೇಳಿದಳು. ಹೌದೆಂದೆ. ಪ್ರಮೋಷನ್ ಬಂದವಳ ಹಾಗೆ ಮಧ್ಯಾಹ್ನವೆಲ್ಲ ನಗುತ್ತಿದ್ದಳು.

ನನ್ನ ಸಿಟ್ಟು ಇಳಿದಿದೆ. ಪೂರ್ತಿ ಅಲ್ಲ. ಬಂದ ಮೇಲೆ ನಟರಾಜನ ಎದುರಿಗೆ ಒಮ್ಮೆ ಬೈಯುತ್ತೇನೆ, ಅಲ್ಲಿಗೆ ಮುಗಿಯುತ್ತದೆ.

ಒಂದು ಮಾತು ಮಾತ್ರ ಕೇಳಲೇಬೇಕು. ಅವಳಿಗೆ ಬರೆದದ್ದನ್ನು ನೋಡಿದೆ. ಸಮೀಕರಣ ಒಂದು ಹಾಳೆ, ಸರಿ. ಅದರ ಹಿಂದೆ ಪುಟಗಟ್ಟಲೆ ಏನೇ ಅದು? ನಿಮ್ಮ ಪಂಪ್‌ಹೌಸಿನ ಕಥೆ, ಮಗಳ ತೆಲುಗು, ನಾವು ಹಾಸ್ಟೆಲಿನ ತಾರಸಿಯಲ್ಲಿ ಹಪ್ಪಳ ಕದ್ದದ್ದು! ಆ ಹಪ್ಪಳದ ಕಥೆ ನಮ್ಮಿಬ್ಬರದು ಅಕ್ಷಿ. ಅವಳಿಗೆ ಯಾಕೆ ಹೇಳಿದೆ? ಓದುವಾಗ "ಇದು ಮನೆ ಮಾತು" ಎಂದು ಕೈ ಅಡ್ಡ ಇಟ್ಟಳು, ನನಗೆ!

ಸಂಕ್ರಾಂತಿಗೆ ನಾನೂ ಹಿಮಬಿಂದುವೂ ವಿಶಾಖಪಟ್ಟಣಕ್ಕೆ ಬರುವುದೆಂದು ಮಾತಾಗಿತ್ತು. ಅವಳು ಟಿಕೆಟ್ ನೋಡುತ್ತಿದ್ದಾಳೆ. ನಾನು ನನ್ನದನ್ನು ಒಂದು ವಾರ ಮೊದಲಿಗೇ ತೆಗೆಸಿದ್ದೇನೆ. ಭೀಮುನಿಪಟ್ಟಣಕ್ಕೆ ಮೊದಲು ನಾವಿಬ್ಬರೇ ಹೋಗುವುದು. ಅವಳಿಗೆ ಹೇಳಬೇಡ.

ನಿನ್ನ,
ಅಪೂ